ಫ್ಲೆಕ್ಸ್ ಸಾಯುವುದು ಬಿಸಿಲಿಗಲ್ಲ

ಸೊರಬದ ದಾರಿಯಲ್ಲಿ ಒಂದು ಹುಲ್ಲಿನ ಬಣವೆಯ ಮೇಲೆ ಮಾಜಿ ಅಭ್ಯರ್ಥಿಯೊಬ್ಬರು ಅಂಗಾತ ಮಲಗಿದ್ದಾರೆ. ಕೈ ಮುಗಿದ ಭಂಗಿ ಹಾಗೇ ಇದೆ. ಕಪ್ಪು ಅಕ್ಷರದ ಹೆಸರು ಈಗಲೂ ಓದಲು ಬರುತ್ತದೆ. ಮುಖ ಮಾತ್ರ ನೀಲಿಗಟ್ಟಿದೆ. ಹಣೆಯ ಕುಂಕುಮ ಎಲ್ಲಿತ್ತು ಎಂದು ಹುಡುಕಬೇಕು. ಫ್ಲೆಕ್ಸು ಮಾತ್ರ ಗಟ್ಟಿಯಾಗಿದೆ. ಎರಡು ಮಳೆಗಾಲ ಕಳೆದರೂ ಒಳಗಿನ ಹುಲ್ಲಿಗೆ ಒಂದು ಹನಿ ಇಳಿದಿಲ್ಲ ಎಂದು ಬಣವೆಯ ಯಜಮಾನರು ಹೇಳುತ್ತಾರೆ.

ಈ ಬಣವೆಯನ್ನು ನಾನು ಸಾಕ್ಷಿಗೆ ಕರೆಯಲು ಕಾರಣವಿದೆ. ನಮ್ಮ ಫ್ಲೆಕ್ಸ್ ಮುದ್ರಣದ ಕಸುಬಿನಲ್ಲಿ ಒಂದು ಮಾತು ಮಂತ್ರದಂತೆ ಚಲಾವಣೆಯಲ್ಲಿದೆ: ಫ್ಲೆಕ್ಸ್ ಬಿಸಿಲಿಗೆ ಹೋಗುತ್ತದೆ, ಮಳೆಗೆ ಹೋಗುತ್ತದೆ, ಉಳಿದದ್ದು ಗಾಳಿಗೆ ಹೋಗುತ್ತದೆ. ಆದ್ದರಿಂದ ಮೂರು ಮದ್ದು. ಬಿಸಿಲಿಗೆ ಲ್ಯಾಮಿನೇಷನ್ ಅಥವಾ ಕ್ಲಿಯರ್ ಕೋಟ್, ಮಳೆಗೆ ದಪ್ಪ ಮೆಟೀರಿಯಲ್, ಗಾಳಿಗೆ ಅಲ್ಲಲ್ಲಿ ಅರ್ಧಚಂದ್ರದ ತೂತು. ಮೆಷಿನ್ ಮಾರಲು ಬರುವ ಏಜೆಂಟರಿಂದ ಹಿಡಿದು ಮೊನ್ನೆ ಕೆಲಸಕ್ಕೆ ಸೇರಿದ ಹುಡುಗನವರೆಗೆ ಎಲ್ಲರೂ ಹೇಳುವುದು ಇದನ್ನೇ. ಇದು ಪೂರ್ತಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಅಂಗಡಿಯವನಿಗೆ ಇದು ತುಂಬ ಅನುಕೂಲದ ಸತ್ಯ. ತಪ್ಪೆಲ್ಲ ಬೀದಿಯಲ್ಲಿ ನಡೆಯುತ್ತದೆ, ಅಂಗಡಿಯೊಳಗೆ ಏನೂ ಆಗುವುದಿಲ್ಲ ಎಂದು ಮೊದಲೇ ತೀರ್ಪು ಕೊಟ್ಟುಬಿಡುತ್ತದೆ. ಹದಿನೈದು ವರ್ಷ ಮೆಷಿನ್ನಿನ ಮುಂದೆ ನಿಂತ ಮೇಲೆ ನನ್ನ ವಾದ ಇಷ್ಟು: ನಮ್ಮಂಥ ಸಣ್ಣ ಅಂಗಡಿಗಳ ಬಹುಪಾಲು ಫ್ಲೆಕ್ಸುಗಳು ಬೀದಿಗೆ ಬರುವಷ್ಟರಲ್ಲಿ ಅರ್ಧ ಸತ್ತಿರುತ್ತವೆ. ಪ್ರಿಂಟ್ ಹೆಡ್ಡಿನ ಕೆಳಗಿಂದ ಹೊರಟು ಗಿರಾಕಿಯ ಬೈಕಿನ ಮೇಲೆ ಕೂರುವವರೆಗಿನ ಆ ಒಂದು ಗಂಟೆಯಲ್ಲಿ ನಾವೇ ಅವನ್ನು ಕೊಂದಿರುತ್ತೇವೆ.

‘ಫ್ಲೆಕ್ಸ್ ಹೋಯ್ತು’ ಎಂಬ ಮಾತನ್ನೇ ಮೊದಲು ಬಿಡಿಸಿ ನೋಡಬೇಕು. ಹೋದದ್ದು ಯಾವುದು? ಫ್ಲೆಕ್ಸ್ ಅಂದರೆ ಪಾಲಿಯೆಸ್ಟರ್ ನೂಲಿನ ಒಂದು ಬಲೆ, ಅದರ ಎರಡು ಬದಿಗೂ ಪಿವಿಸಿ ಪದರ. ಪಿವಿಸಿ ಹುಟ್ಟಾ ಗಡಸು. ನೀರಿನ ಪೈಪು ಆಗುವುದು ಅದರಿಂದಲೇ. ಅದು ಬಟ್ಟೆಯ ಹಾಗೆ ಬಳುಕಬೇಕಾದರೆ ಪ್ಲಾಸ್ಟಿಸೈಜರ್ ಎಂಬ ಎಣ್ಣೆಯಂಥ ವಸ್ತುವನ್ನು ಬೆರೆಸಬೇಕು. ಅದರ ಮೇಲೆ ಬೀಳುವುದು ಸಾಲ್ವೆಂಟ್ ಇಂಕು. ಬಣ್ಣದ ಪುಡಿ, ಅದನ್ನು ಹಿಡಿದಿಡುವ ಅಂಟು, ಇವೆರಡನ್ನೂ ಹೊತ್ತು ತರುವ ದ್ರಾವಕ, ಇಷ್ಟು ಅದರೊಳಗಿನ ಸರಕು. ಬಣವೆಯ ಮೇಲೆ ಸತ್ತಿರುವುದು ಚಿತ್ರ, ಮೆಟೀರಿಯಲ್ ಬದುಕಿದೆ. ಊರಿನ ಸರ್ಕಲ್ಲಿನಲ್ಲಿ ಕಾಣುವುದು ಇದಕ್ಕೆ ತದ್ವಿರುದ್ಧ. ಅಲ್ಲಿ ಬಣ್ಣ ಮದುಮಗನಂತೆ ಮಿರುಗುತ್ತಿರುತ್ತದೆ, ಮೂಲೆ ಹರಿದು ನಾಲಗೆಯಂತೆ ನೇತಾಡುತ್ತಿರುತ್ತದೆ. ಈ ಎರಡು ಸಾವಿಗೂ ಒಂದೇ ಕಾರಣ ಹೇಳಿ, ಗಿರಾಕಿಗೆ ಒಂದೇ ಮದ್ದು ಮಾರುವುದರಿಂದಲೇ ಗೊಂದಲ ಶುರುವಾಗುತ್ತದೆ.

ಸಾಲ್ವೆಂಟ್ ಇಂಕು ಕಾಗದದ ಮೇಲಿನ ಮಸಿಯ ಹಾಗಲ್ಲ. ಅದು ಪಿವಿಸಿಯ ಮೇಲ್ಮೈಯನ್ನು ಕೊಂಚ ಕರಗಿಸಿ, ಉಬ್ಬಿಸಿ, ಒಳಕ್ಕೆ ಕಚ್ಚಿಕೊಳ್ಳುತ್ತದೆ. ಮಳೆಗೆ ಬಣ್ಣ ತೊಳೆದುಹೋಗದಿರುವುದಕ್ಕೆ ಇದೇ ಕಾರಣ. ಮೆಷಿನ್ನಿನ ಹೀಟರು, ಫ್ಯಾನು ಸೇರಿ ಮೇಲಿರುವ ದ್ರಾವಕವನ್ನು ನಿಮಿಷಗಳಲ್ಲಿ ಹಾರಿಸುತ್ತವೆ. ಒಳಗೆ ಇಳಿದದ್ದು ಹೊರಗೆ ಬರಲು ಗಂಟೆಗಟ್ಟಲೆ ಬೇಕು, ಬಣ್ಣ ದಪ್ಪ ಬಿದ್ದ ಕಡೆ ಒಂದು ಹಗಲು ಒಂದು ರಾತ್ರಿ. ಅಲ್ಲಿಯವರೆಗೆ ಆ ಪದರ ಮೆತ್ತಗೆ, ಒತ್ತಿದ ಕಡೆ ಒತ್ತಿಸಿಕೊಳ್ಳುವ ಸ್ಥಿತಿಯಲ್ಲಿರುತ್ತದೆ. ಬೆರಳಿಟ್ಟರೆ ಅಂಟುವುದಿಲ್ಲ, ಆದ್ದರಿಂದ ನಾವು ‘ಒಣಗಿದೆ ಮಾರಾಯ್ರೆ, ಮುಟ್ಟಿ ನೋಡಿ’ ಎನ್ನುತ್ತೇವೆ. ಮುಟ್ಟಿ ನೋಡುವ ಪರೀಕ್ಷೆಯೇ ತಪ್ಪು. ಮೂಗು ಹತ್ತಿರ ತಂದು ನೋಡಿ. ಘಾಟು ಇದೆಯೆಂದರೆ ದ್ರಾವಕ ಇನ್ನೂ ಮನೆ ಬಿಟ್ಟಿಲ್ಲ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ಬರುತ್ತದೆ. ಬಂದಾಗ ಇಲ್ಲಿನ ಮೆಷಿನ್ನುಗಳಿಗೆ ನಿದ್ದೆಯಿಲ್ಲ. ಅಂಥ ಒಂದು ರಾತ್ರಿ ಒಂದು ಸಂಘಕ್ಕೆ ಹತ್ತು ಬೈ ಎಂಟು ಅಡಿಯ ಎರಡು ಫ್ಲೆಕ್ಸ್ ಹೊಡೆದೆವು. ಒಂದರಲ್ಲಿ ಅಧ್ಯಕ್ಷರ ದೊಡ್ಡ ಭಾವಚಿತ್ರ ಮತ್ತು ಸ್ವಾಗತ, ಇನ್ನೊಂದರಲ್ಲಿ ಕಡುಕಪ್ಪು ಹಿನ್ನೆಲೆಯ ಮೇಲೆ ದಾನಿಗಳ ಪಟ್ಟಿ. ಮೆಷಿನ್ನಿಂದ ಇಳಿದ ಅರ್ಧ ಗಂಟೆಗೆ ಎರಡನ್ನೂ ಮುಖಕ್ಕೆ ಮುಖ ಮಾಡಿ, ಪಂಚೆ ಮಡಚಿದ ಹಾಗೆ ಮಡಚಿ, ದಾರ ಕಟ್ಟಿ ಮೂಲೆಗಿಟ್ಟೆವು. ಅದರ ಮೇಲೆ ಉಳಿದವರ ಕಟ್ಟುಗಳೂ ಬಿದ್ದವು. ಬೆಳಗ್ಗೆ ಬಿಚ್ಚಿದರೆ ಚರ್ರೆಂದು ಹಳೆಯ ಬ್ಯಾಂಡೇಜು ಕಿತ್ತ ಸದ್ದು. ದಾನಿಗಳಲ್ಲಿ ಐವರು ತಿರುವುಮುರುವಾಗಿ ಅಧ್ಯಕ್ಷರ ಬಲಗೆನ್ನೆಯ ಮೇಲೆ ಕೂತಿದ್ದರು. ಕಪ್ಪು ಹಿನ್ನೆಲೆಯಲ್ಲಿ ಹಾಲು ಚೆಲ್ಲಿದ ಹಾಗೆ ಬಿಳಿ ಬಿಳಿ ಗಾಯ.

‘ಇದೇನಣ್ಣ ಹೀಗೆ?’ ಎಂದು ಸಂಘದ ಕಾರ್ಯದರ್ಶಿ ಕೇಳಿದರು.

ನನ್ನ ಹುಡುಗ ತಡಮಾಡದೆ, ‘ಬಿಸಿಲಿಗೆ ಆಗಿರ್ಬೇಕು ಸಾರ್’ ಎಂದ.

ಆ ಫ್ಲೆಕ್ಸು ಅಲ್ಲಿಯವರೆಗೆ ಬಿಸಿಲನ್ನೇ ಕಂಡಿರಲಿಲ್ಲ. ಹುಡುಗನನ್ನು ಬೈಯಲು ಬಾಯಿ ಬರಲಿಲ್ಲ, ಏಕೆಂದರೆ ಆ ಉತ್ತರ ಅವನಿಗೆ ಕಲಿಸಿದವನು ನಾನೇ.

ಕಡುಕಪ್ಪು ಎಂದೆನಲ್ಲ, ಅದರ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಬಾಳಿಕೆಯ ಚರ್ಚೆಯಲ್ಲಿ ಯಾರೂ ಡಿಸೈನ್ ಮಾಡುವ ಟೇಬಲ್ಲಿನವರೆಗೆ ಹೋಗುವುದಿಲ್ಲ. ಕೋರೆಲ್‌ನಲ್ಲಿ ಕೂತ ಹುಡುಗ ಪರದೆಯ ಬಣ್ಣಪದ್ಧತಿಯಾದ ಆರ್‌ಜಿಬಿಯಲ್ಲೇ ಕಪ್ಪು ತುಂಬಿ ಕಳಿಸುತ್ತಾನೆ. ಮೆಷಿನ್ನಿನ ಸಾಫ್ಟ್‌ವೇರು ಅದನ್ನು ಸಯಾನ್, ಮಜೆಂಟಾ, ಹಳದಿ, ಕಪ್ಪು ನಾಲ್ಕೂ ಸೇರಿಸಿದ ಕಪ್ಪಾಗಿ ಬದಲಿಸುತ್ತದೆ. ಒಂದೇ ಜಾಗಕ್ಕೆ ಮೂರು ಪಟ್ಟು ಇಂಕು, ಮೂರು ಪಟ್ಟು ದ್ರಾವಕ. ಪರದೆಯ ಮೇಲೆ ಬರೀ ಕಪ್ಪು, ನಾಲ್ಕೂ ಸೇರಿದ ಕಪ್ಪು ಎರಡೂ ಒಂದೇ. ಫ್ಲೆಕ್ಸಿನ ಮೇಲೆ ಒಂದು ಬೇಗ ಒಣಗುತ್ತದೆ, ಇನ್ನೊಂದು ಮರುದಿನವೂ ಮೆತ್ತಗಿರುತ್ತದೆ. ಅಕ್ಷರಕ್ಕೆ ಬರೀ ಕಪ್ಪು ಇಂಕು ಸಾಕು. ಹಿನ್ನೆಲೆಗೆ ಬೇಕೇ ಬೇಕೆಂದರೆ ಸಯಾನ್ ಸ್ವಲ್ಪ ಬೆರೆಸಿದರೆ ಆಯಿತು. ಇಂಕಿನ ಮಿತಿಯನ್ನು ಸಾಫ್ಟ್‌ವೇರಿನಲ್ಲೇ ಇಳಿಸಿಡಬಹುದು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಉಳಿತಾಯವೇ. ಆದರೂ ಮಾಡುವವರು ಕಡಿಮೆ. ಮೇಲೆ ಏನಾದರೂ ಬಳಿದರೆ ಮಾತ್ರ ರಕ್ಷಣೆ ಮಾಡಿದ ಹಾಗೆ ಎಂಬ ಭ್ರಮೆ ಅಷ್ಟು ಗಾಢವಾಗಿದೆ.

ಇಲ್ಲಿ ಕನ್ನಡ ನಮ್ಮ ಕಸುಬಿಗಿಂತ ಜಾಣತನ ತೋರಿಸುತ್ತದೆ. ಬಸ್ಸಿಗೆ ಕಾಯುತ್ತೇವೆ, ಗದ್ದೆ ಕಾಯುತ್ತೇವೆ, ಒಲೆಯ ಮೇಲೆ ನೀರು ಕಾಯುತ್ತದೆ. ತಾಳುವುದು, ರಕ್ಷಿಸುವುದು, ಬಿಸಿಯಾಗುವುದು ಮೂರಕ್ಕೂ ಒಂದೇ ಕ್ರಿಯಾಪದ. ಸಾಲ್ವೆಂಟ್ ಫ್ಲೆಕ್ಸಿಗೆ ಬೇಕಾದ ಮೂರೂ ಕೆಲಸ ಅದರೊಳಗಿವೆ: ಹೀಟರು ಕಾಯಬೇಕು, ನಾವು ಕಾಯಬೇಕು, ಆಗ ಫ್ಲೆಕ್ಸನ್ನು ಕಾಯ್ದಂತಾಗುತ್ತದೆ. ನಮ್ಮ ಅಂಗಡಿಗಳಲ್ಲಿ ಮೊದಲನೆಯದನ್ನು ಕರೆಂಟ್ ಬಿಲ್ಲಿನ ಹೆದರಿಕೆಗೆ ಅರ್ಧ ಮಾಡುತ್ತೇವೆ, ಎರಡನೆಯದನ್ನು ಬಿಟ್ಟೇಬಿಡುತ್ತೇವೆ, ಆಮೇಲೆ ಮೂರನೆಯದಕ್ಕೆ ಚದರಡಿಗೆ ಇಷ್ಟೆಂದು ಬೇರೆ ದುಡ್ಡು ಕೇಳುತ್ತೇವೆ.

ಇದಕ್ಕೆ ಎದುರುವಾದ ಏನೆಂದು ನನಗೆ ಗೊತ್ತು, ಏಕೆಂದರೆ ನಾನೇ ಬಹಳ ವರ್ಷ ಅದನ್ನು ಆಡಿದ್ದೇನೆ. ಗಿರಾಕಿ ಕಾಯುವುದಿಲ್ಲ. ‘ಒಂದು ಗಂಟೆಯಲ್ಲಿ ಫ್ಲೆಕ್ಸ್’ ಎಂದು ಎದುರಿನವನು ಬೋರ್ಡು ಹಾಕಿರುವಾಗ, ‘ನಾಳೆ ಬನ್ನಿ’ ಎಂದವನ ಅಂಗಡಿಗೆ ನಾಳೆ ಯಾರೂ ಬರುವುದಿಲ್ಲ. ಸಾವಿನ ಫ್ಲೆಕ್ಸು ಮಧ್ಯಾಹ್ನದೊಳಗೆ ಬೇಕು, ಅದಕ್ಕೆ ಒಂದು ದಿನ ಒಣಗಿಸುತ್ತೇನೆ ಎನ್ನಲು ಸಾಧ್ಯವೆ? ಈ ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ಅರ್ಜೆಂಟ್ ಇರುವುದು ಎಷ್ಟು ಕೆಲಸಕ್ಕೆ? ಮದುವೆಯ ಫ್ಲೆಕ್ಸಿಗೆ ತಿಂಗಳ ಮೊದಲೇ ದಿನ ಗೊತ್ತಿರುತ್ತದೆ, ಅಂಗಡಿಯ ನಾಮಫಲಕಕ್ಕೆ ಯಾವ ಮುಹೂರ್ತದ ಆತುರವೂ ಇಲ್ಲ. ಅವನ್ನೂ ನಾವು ಅರ್ಜೆಂಟಿನ ಲಯದಲ್ಲೇ ಮಾಡುತ್ತೇವೆ. ನಿಜವಾದ ಅರ್ಜೆಂಟಿಗೂ ದಾರಿಯಿದೆ. ಬಿಳಿ ಹಿನ್ನೆಲೆ, ಕಡಿಮೆ ಇಂಕು, ಮಡಚದೆ ಸಡಿಲವಾಗಿ ಸುತ್ತಿ ಕೊಟ್ಟರೆ ಒಂದು ಗಂಟೆಯ ಫ್ಲೆಕ್ಸೂ ಮರ್ಯಾದೆಯಿಂದ ಬದುಕುತ್ತದೆ.

ಈಗ ನನ್ನ ಅಂಗಡಿಯಲ್ಲಿ ಅಡ್ಡಡ್ಡ ನಾಲ್ಕು ತಂತಿ ಕಟ್ಟಿದ್ದೇನೆ. ಸಂಜೆ ಹೊಡೆದದ್ದು ರಾತ್ರಿಯಿಡೀ ಒಗೆದ ಸೀರೆಯಂತೆ ತೂಗಾಡುತ್ತದೆ. ಫ್ಯಾನನ್ನು ಮೇಲಿಂದ ಇಳಿಸಿ ನೆಲದ ಹತ್ತಿರ ಇಟ್ಟಿದ್ದೇನೆ, ಏಕೆಂದರೆ ದ್ರಾವಕದ ಆವಿ ಗಾಳಿಗಿಂತ ಭಾರ, ಕೆಳಗೇ ಕೆರೆಯಂತೆ ನಿಲ್ಲುತ್ತದೆ. ಜಡಿಮಳೆಯ ದಿನ ಕಿಟಕಿ ಮುಚ್ಚಿದ ತಣ್ಣನೆಯ ಕೋಣೆಯಲ್ಲಿ ಒಣಗುವುದು ಇನ್ನೂ ನಿಧಾನ. (ಎಷ್ಟೋ ಅಂಗಡಿಗಳಲ್ಲಿ ಹುಡುಗರು ಇದೇ ಕೋಣೆಯ ನೆಲದ ಮೇಲೆ ಮಲಗುತ್ತಾರೆ. ಆ ಜಗಳವನ್ನು ಬೇರೆಯೇ ಬರೆಯಬೇಕು.) ಸುತ್ತುವಾಗ ಚಿತ್ರ ಹೊರಗೆ ಬರುವಂತೆ, ರೋಲಿನ ಹಳೆಯ ಪೈಪಿಗೆ ಸುತ್ತುತ್ತೇವೆ. ನೋಡಿದವರೆಲ್ಲ ತಲೆಕೆಳಗು ಎನ್ನುತ್ತಾರೆ, ಚಿತ್ರ ಒಳಗಿದ್ದರಲ್ಲವೆ ಸುರಕ್ಷಿತ? ಒಳಗಿದ್ದರೆ ಇಂಕಿನ ಪದರ ಕುಗ್ಗಿ ನೆರಿಗೆ ಬೀಳುತ್ತದೆ, ಬಿಡಿಸಿ ಕಟ್ಟಿದ ಮೇಲೂ ಅಂಚು ನೋಡುವವನ ಕಡೆಗೇ ಸುರುಳಿಗೊಳ್ಳುತ್ತದೆ. ಹೊರಗಿದ್ದರೆ ಅಂಚು ಹಿಂದಕ್ಕೆ ಬಾಗುತ್ತದೆ, ಗೋಡೆಗೆ ಒತ್ತಿಕೊಳ್ಳುತ್ತದೆ. ಧೂಳಿನ ಭಯವಿದ್ದರೆ ಮೇಲೊಂದು ಸುತ್ತು ಹಾಳೆ ಸುತ್ತಿದರಾಯಿತು.

ಇನ್ನು ಲ್ಯಾಮಿನೇಷನ್. ಅದರ ಬಗ್ಗೆ ನನಗೆ ದ್ವೇಷವಿಲ್ಲ. ಸನ್‌ಬೋರ್ಡಿಗೆ ಅಂಟಿಸುವ ವಿನೈಲ್ ಸ್ಟಿಕ್ಕರಿಗೆ, ಗಾಡಿಯ ಮೈಗೆ ಹಚ್ಚುವ ವಿನೈಲಿಗೆ ಅದು ಬೇಕೇ ಬೇಕು. ಉಜ್ಜಾಟ ತಡೆಯುತ್ತದೆ, ಬಿಸಿಲಿನ ನೇರಳಾತೀತ ಕಿರಣಕ್ಕೂ ತಕ್ಕಮಟ್ಟಿಗೆ ಅಡ್ಡ ನಿಲ್ಲುತ್ತದೆ. ನನ್ನ ತಕರಾರು ಅದನ್ನು ಹಾಕುವ ಗಳಿಗೆಯ ಬಗ್ಗೆ. ಹೊಡೆದ ಕೂಡಲೇ ಲ್ಯಾಮಿನೇಷನ್ ಎಳೆದರೆ ಹೊರಡಬೇಕಿದ್ದ ದ್ರಾವಕಕ್ಕೆ ಬಾಗಿಲು ಮುಚ್ಚಿದ ಹಾಗೆ. ಮೇಲೆ ದಾರಿಯಿಲ್ಲದೆ ಅದು ಕೆಳಗಿನ ಗಮ್ಮಿಗೆ ಇಳಿಯುತ್ತದೆ, ಗಮ್ಮು ಮೆತ್ತಗಾಗುತ್ತದೆ, ವಿನೈಲ್ ಕುಗ್ಗುತ್ತದೆ, ತಿಂಗಳೊಳಗೆ ಅಂಚು ಹಪ್ಪಳದಂತೆ ಮೇಲೇಳುತ್ತದೆ. ಆಗಲೂ ನಾವು ದೂರುವುದು ಬಿಸಿಲನ್ನೇ. ವಿನೈಲ್ ತಯಾರಿಸುವ ಹೆಸರಾಂತ ಕಂಪನಿಗಳೇ ಸಾಲ್ವೆಂಟ್ ಪ್ರಿಂಟಿಗೆ ಲ್ಯಾಮಿನೇಷನ್ ಮೊದಲು ಕನಿಷ್ಠ 24 ಗಂಟೆ ಬಿಡಿ, ಅದೂ ಬಿಗಿಯಾಗಿ ಸುತ್ತದೆ ಬಿಡಿ ಎನ್ನುತ್ತವೆ. ಬಿಗಿ ಸುತ್ತಿದ ರೋಲಿನ ನಡುವಿನ ಸುತ್ತುಗಳಿಗೆ ಗಾಳಿಯೇ ತಾಗುವುದಿಲ್ಲ. ಅದನ್ನು ಎರಡು ದಿನ ಇಟ್ಟರೂ ಒಂದು ಗಂಟೆ ಇಟ್ಟರೂ ಹೆಚ್ಚು ವ್ಯತ್ಯಾಸವಿಲ್ಲ.

ಫ್ಲೆಕ್ಸಿನ ಮೇಲೆ ಕಾರಿನ ಕ್ಲಿಯರ್ ಲ್ಯಾಕರ್ ಸ್ಪ್ರೇ ಮಾಡುವ ಹೊಸ ಚಾಳಿಯಂತೂ ಶುದ್ಧ ಅವಿವೇಕ. ಬಳುಕುವ ಮೈಗೆ ಬಳುಕದ ಅಂಗಿ. ಹೊಳಪು ಒಂದು ವಾರ ಚೆನ್ನ. ಆಮೇಲೆ ಸುತ್ತಿದ ಕಡೆಯಲ್ಲೆಲ್ಲ ಬೇಸಿಗೆಯ ಕೆರೆಯಂಗಳದಂತೆ ಬಿರುಕು. ಲ್ಯಾಕರಿನೊಳಗಿನ ಥಿನ್ನರ್ ಕೆಳಗಿನ ಇಂಕನ್ನೂ ಮತ್ತೆ ಕದಡುತ್ತದೆ. ಫ್ಲೆಕ್ಸಿಗೆಂದೇ ಮಾಡಿದ, ಬಳುಕುವ ದ್ರವ ಲೇಪಗಳು ಇವೆ, ಒಪ್ಪುತ್ತೇನೆ. ನಮ್ಮಂಥ ಅಂಗಡಿಯ ಕಪಾಟಿನಲ್ಲಿ ಅವು ಕಂಡದ್ದಿಲ್ಲ. ಕೊಳೆಯಾಯಿತೆಂದು ಪೆಟ್ರೋಲು, ಸೀಮೆಎಣ್ಣೆ, ಥಿನ್ನರಿನಲ್ಲಿ ಒರೆಸುವವರಿಗೂ ಇದೇ ಮಾತು. ಸೋಪಿನ ನೀರು ಸಾಕು.

ದಪ್ಪದ ವಿಷಯ ಬೇಗ ಮುಗಿಸುತ್ತೇನೆ. ‘340 ಜಿಎಸ್‌ಎಂ ಹಾಕ್ಸಿ, ಗಟ್ಟಿ’ ಎನ್ನುವುದು ರೂಢಿ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರಿನ ತೂಕ, ಅಷ್ಟೇ. ತೂಕವನ್ನು ನೂಲಿನಿಂದಲೂ ತರಬಹುದು, ಪಿವಿಸಿಯಲ್ಲಿ ಸುಣ್ಣದ ಕಲ್ಲಿನ ಪುಡಿ ಬೆರೆಸಿಯೂ ತರಬಹುದು. ಹರಿಯುವುದನ್ನು ತಡೆಯುವುದು ಒಳಗಿನ ನೂಲು, ಸುಣ್ಣದ ಪುಡಿಗೆ ಆ ಶಕ್ತಿಯಿಲ್ಲ. ರೋಲಿನ ತುದಿಯಿಂದ ಗೇಣುದ್ದ ಕತ್ತರಿಸಿ, ಅಂಚಿಗೆ ಬ್ಲೇಡಿನಿಂದ ಚಿಕ್ಕ ಗಾಯ ಮಾಡಿ, ಎರಡೂ ಕೈಯಲ್ಲಿ ಎಳೆದು ನೋಡಿ. ನೂಲು ಒಂದೊಂದಾಗಿ ಪಟಪಟ ಎಂದು ಹಟ ಮಾಡಿ ಕಡಿದರೆ ಅದು ಮಾಲು. ಹಸಿ ಬಾಳೆಲೆಯಂತೆ ಸರ್ರನೆ ಸೀಳಿದರೆ ಜಿಎಸ್‌ಎಂ ಎಷ್ಟಿದ್ದರೂ ಪ್ರಯೋಜನವಿಲ್ಲ. ಮಡಚಿ ಉಗುರಿನಿಂದ ಗೀರಿದಾಗ ಬಿಳಿ ಗೆರೆ ಬಿದ್ದರೆ ಪುಡಿ ಹೆಚ್ಚೆಂದು ತಿಳಿಯಿರಿ.

ಗಾಳಿಯ ತೂತಿನ ಬಗ್ಗೆ ನಾನು ಅಷ್ಟು ಬೇಗ ಬಿಡುವವನಲ್ಲ. ಇಷ್ಟು ಅಮಾಯಕವಾಗಿ ಕಾಣುವ, ಇಷ್ಟು ಹಾನಿ ಮಾಡುವ ಇನ್ನೊಂದು ನಂಬಿಕೆ ನಮ್ಮ ಕಸುಬಿನಲ್ಲಿಲ್ಲ. ಲೆಕ್ಕ ಹಾಕೋಣ. ಹತ್ತು ಬೈ ಎಂಟರ ಫ್ಲೆಕ್ಸು ಎಂಬತ್ತು ಚದರಡಿ. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ನೇರ ಬಡಿದರೆ ಅದರ ಮೇಲೆ ಬೀಳುವ ಒತ್ತಡ ಸುಮಾರು 45 ಕಿಲೋ ತೂಕದಷ್ಟು. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. 72 ಕಿಲೋಮೀಟರ್ ವೇಗಕ್ಕೆ 180 ಕಿಲೋ. ಇದು ಕಡಿಮೆ ಹಿಡಿದ ಲೆಕ್ಕ. ಈಗ ಆರಿಂಚು ಅಗಲದ ಅರ್ಧಚಂದ್ರಗಳನ್ನು ಹತ್ತು ಕಡೆ ಕೊಯ್ಯಿರಿ. ಹತ್ತೂ ಪೂರ್ತಿ ತೆರೆದುಕೊಂಡರೂ ಸೇರಿ ಒಂದು ಚದರಡಿ ಆಗುವುದಿಲ್ಲ. ಎಂಬತ್ತರಲ್ಲಿ ಒಂದು! 180 ಕಿಲೋದಲ್ಲಿ ಎರಡು ಕಿಲೋ ಇಳಿಸಿಕೊಳ್ಳಲು ಹತ್ತು ಕಡೆ ನೂಲನ್ನು ಕಡಿದಿದ್ದೇವೆ, ಪ್ರತಿ ಕೊಯ್ತದ ಎರಡು ತುದಿಯಲ್ಲೂ ಹರಿಯುವುದಕ್ಕೆ ಆಹ್ವಾನ ಪತ್ರಿಕೆ ಕೊಟ್ಟಿದ್ದೇವೆ. ಗಾಳಿ ನಿಜಕ್ಕೂ ದಾಟಿ ಹೋಗಬೇಕೆಂದರೆ ಮೈಯೆಲ್ಲ ಜರಡಿಯಂತಿರುವ ಮೆಶ್ ಎಂಬ ಮೆಟೀರಿಯಲ್ಲೇ ಇದೆ. ಸಾಮಾನ್ಯ ಫ್ಲೆಕ್ಸಿಗೆ ಬ್ಲೇಡು ಹಾಕಿ ಅದನ್ನು ಮೆಶ್ ಮಾಡಲಾಗದು.

ಅದೇ 180 ಕಿಲೋವನ್ನು ಬೇರೆ ಕಡೆಯಿಂದ ನೋಡಿ. ನಾಲ್ಕು ಮೂಲೆಗೆ ಮಾತ್ರ ಕಟ್ಟಿದರೆ ಒಂದೊಂದು ಮೂಲೆಗೆ 45 ಕಿಲೋ, ಅಂದರೆ ಹೆಚ್ಚುಕಡಿಮೆ ಒಂದು ಸಿಮೆಂಟು ಮೂಟೆ. ಸುತ್ತಲೂ ಎರಡಡಿಗೊಂದು ಐಲೆಟ್ (ಕಟ್ಟುವ ತೂತಿನ ಲೋಹದ ಬಳೆ) ಹಾಕಿದರೆ ಹದಿನೆಂಟು ಐಲೆಟ್ ಆಗುತ್ತದೆ, ಒಂದೊಂದಕ್ಕೆ ಹತ್ತು ಕಿಲೋ. ಸರ್ಕಲ್ಲಿನ ಫ್ಲೆಕ್ಸುಗಳು ಮೂಲೆಯಲ್ಲೇ ಯಾಕೆ ಹರಿಯುತ್ತವೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಅಂಚನ್ನು ಒಂದೂವರೆ ಇಂಚು ಹಿಂದಕ್ಕೆ ಮಡಚಿ, ಒಳಗೊಂದು ಹಗ್ಗ ಬಿಟ್ಟು, ಅಂಟಿಸಿಯೋ ಬಿಸಿ ಗಾಳಿಯ ಮೆಷಿನ್ನಿನಿಂದ ಬೆಸೆದೋ, ಆ ಇಮ್ಮಡಿ ದಪ್ಪದೊಳಗೆ ಐಲೆಟ್ ಕೂರಿಸಬೇಕು. ನಮ್ಮ ಕಡೆ ಹೆಚ್ಚಾಗಿ ಮರದ ರೀಪಿನ ಫ್ರೇಮಿಗೆ ಮೊಳೆ ಹೊಡೆಯುತ್ತಾರೆ. ಬರೀ ಮೊಳೆಯ ತಲೆ ಎಷ್ಟಗಲ? ಹಳ್ಳಿಯಲ್ಲಿ ಟಾರ್ಪಾಲು ಹೊಡೆಯುವವರು ಮೊಳೆಯ ಕೆಳಗೆ ಸೋಡಾ ಬಾಟಲಿಯ ತಗಡಿನ ಮುಚ್ಚಳ ಇಟ್ಟು ಹೊಡೆಯುವುದನ್ನು ನೋಡಿದ್ದೀರಲ್ಲ, ಅವರು ಫಿಸಿಕ್ಸ್ ಓದಿದವರಲ್ಲ, ಆದರೆ ಎಳೆತವನ್ನು ಅಗಲಕ್ಕೆ ಹಂಚಬೇಕೆಂದು ಬಲ್ಲವರು. ಅದನ್ನು ಗಮನಿಸಿದಂದಿನಿಂದ ನನ್ನ ಗಲ್ಲಾಪೆಟ್ಟಿಗೆಯ ಪಕ್ಕ ಮುಚ್ಚಳದ ಒಂದು ಡಬ್ಬಿಯಿದೆ. ಫ್ರೇಮ್ ಹೊಡೆಯುವವರಿಗೆ ಪುಕ್ಕಟೆ.

ಹಾಗಾದರೆ ಬಿಸಿಲು ನಿರಪರಾಧಿಯೆ? ಅಲ್ಲ. ಬಣವೆಯ ಮೇಲಿನ ಅಭ್ಯರ್ಥಿಯ ಮುಖ ನೀಲಿಯಾದದ್ದು ಅದರ ಕೆಲಸವೇ. ಆದರೆ ಬಿಸಿಲು ಎಲ್ಲ ಬಣ್ಣವನ್ನೂ ಒಂದೇ ಸಮ ತಿನ್ನುವುದಿಲ್ಲ. ಮೆಷಿನ್ನಿನ ನಾಲ್ಕು ಇಂಕುಗಳಲ್ಲಿ ಸಾಮಾನ್ಯವಾಗಿ ಮೊದಲು ಸೋಲುವುದು ಹಳದಿ ಮತ್ತು ಮಜೆಂಟಾ. ತಾಮ್ರದ ಅಂಶವಿರುವ ಸಯಾನ್ ಗಟ್ಟಿಗ, ಇಂಗಾಲದ ಕಪ್ಪು ಅದಕ್ಕಿಂತ ಗಟ್ಟಿಗ. ಆದ್ದರಿಂದಲೇ ಹಳೆಯ ಅಭ್ಯರ್ಥಿಗಳೆಲ್ಲ ನೀಲಮೇಘಶ್ಯಾಮರು. ಇದರಲ್ಲಿ ನಮಗೆ ಒಂದು ವಿಶೇಷ ವ್ಯಂಗ್ಯ ಕಾದಿದೆ. ಕನ್ನಡ ಬಾವುಟದ ಅರಿಶಿನ ಕುಂಕುಮವನ್ನು ಮೆಷಿನ್ ಕಟ್ಟುವುದು ಆ ಎರಡು ದುರ್ಬಲ ಇಂಕಿನಿಂದಲೇ. ಕೆಂಪು ಎಂಬುದು ಬೇರೇನಲ್ಲ, ಮಜೆಂಟಾದ ಮೇಲೆ ಹಳದಿ. ನವೆಂಬರ್ 1ಕ್ಕೆ ಉರಿಯುತ್ತಿದ್ದ ಫ್ಲೆಕ್ಸು ಬೇಸಿಗೆ ಮುಗಿಯುವಷ್ಟರಲ್ಲಿ ಜ್ವರದಿಂದ ಎದ್ದವರಂತೆ ಬಿಳಿಚಿಕೊಂಡಿರುತ್ತದೆ. ಇದಕ್ಕೆ ಪರಿಹಾರ ಲೇಪದಲ್ಲಿಲ್ಲ. ವರ್ಷವಿಡೀ ನಿಲ್ಲಬೇಕಾದ ಬಾವುಟಕ್ಕೆ ಬಣ್ಣವೇ ಮೈಯಾಗಿರುವ ವಿನೈಲನ್ನು ಕತ್ತರಿಸಿ ಅಂಟಿಸಬೇಕು, ಇಲ್ಲವೆ ಬಟ್ಟೆಯನ್ನೇ ಏರಿಸಬೇಕು. ಓದಲೇಬೇಕಾದ ಫೋನ್ ನಂಬರನ್ನು, ದಿನಾಂಕವನ್ನು ಬರೀ ಕಪ್ಪಿನಲ್ಲಿಡಬೇಕು. ಕೆಂಪು ಪಟ್ಟಿಯ ಮೇಲೆ ಹಳದಿಯಲ್ಲಿ ಬರೆದ ನಂಬರು ಅಳಿದಿದೆ ಎಂದು ಆಮೇಲೆ ಇಂಕಿನ ಕಂಪನಿಯನ್ನು ಬೈದರೆ ಏನು ಬಂತು?

ಸಾಂಸ್ಕೃತಿಕ ವಲಯದ ನನ್ನ ಗೆಳೆಯರ ಜೊತೆಗೂ ಒಂದು ಜಗಳ ಬಾಕಿಯಿದೆ. ಫ್ಲೆಕ್ಸ್ ಬಂದು ಬೋರ್ಡು ಬರೆಯುವ ಕಲಾವಿದರ ಅನ್ನ ಕಿತ್ತುಕೊಂಡಿತು ಎನ್ನುತ್ತಾರೆ. ಅದು ನಿಜ, ಆ ಪಾಪದಲ್ಲಿ ನನಗೂ ಪಾಲಿದೆ. ಕೈಬರಹದ ಬೋರ್ಡು ಹತ್ತಾರು ವರ್ಷ ನಿಲ್ಲುತ್ತಿತ್ತು, ಗಾಂಧಿನಗರದ ಸಿನಿಮಾ ಕಟೌಟುಗಳು ಅಭಿಮಾನಿಗಳ ಹಾಲಿನ ಅಭಿಷೇಕಕ್ಕೂ ಜಗ್ಗುತ್ತಿರಲಿಲ್ಲ, ಫ್ಲೆಕ್ಸಿನ ಆಯುಷ್ಯ ಮೂರು ದಿನ ಎಂದೂ ಸೇರಿಸುತ್ತಾರೆ. ನನ್ನ ತಕರಾರು ಈ ಎರಡನೆಯ ವಾಕ್ಯದ ಮೇಲೆ. ಆ ಬೋರ್ಡು ಬಾಳಿದ್ದು ಅದು ಕೈಬರಹ ಎಂಬ ಕಾರಣಕ್ಕಲ್ಲ. ತಗಡು ಉಜ್ಜಿ ರೆಡ್ ಆಕ್ಸೈಡ್ ಹಚ್ಚಿ ಒಂದು ದಿನ ಬಿಡುತ್ತಿದ್ದರು. ಬಿಳಿ ಎನಾಮಲ್ ಹಚ್ಚಿ ಮತ್ತೊಂದು ದಿನ. ಆಮೇಲೆ ಸೀಮೆಸುಣ್ಣದ ದಾರ ಬಡಿದು ಗೆರೆ, ಆಮೇಲೆ ಅಕ್ಷರ, ಅದು ಒಣಗಿದ ಮೇಲೆ ನೆರಳು. ಅವರ ಅಂಗಡಿಯಲ್ಲಿ ಅರ್ಧ ಮುಗಿದ ಬೋರ್ಡುಗಳು ಗೋಡೆಗೆ ಒರಗಿ ಕೂತಿರುತ್ತಿದ್ದವು. ‘ನಾಡಿದ್ದು ಬನ್ನಿ’ ಎಂದರೆ ಯಾರೂ ಸಿಟ್ಟಾಗುತ್ತಿರಲಿಲ್ಲ. ನಾವು ಅವರಿಂದ ಕಿತ್ತುಕೊಂಡದ್ದು ಗಿರಾಕಿಯನ್ನು ಮಾತ್ರ, ಆ ನಾಡಿದ್ದನ್ನು ತೆಗೆದುಕೊಳ್ಳಲಿಲ್ಲ. ಹಳಹಳಿಕೆಯ ಬರಹಗಳು ಕುಂಚವನ್ನು ಹೊಗಳುತ್ತವೆ, ಗೋಡೆಗೆ ಒರಗಿ ಒಣಗುತ್ತಿದ್ದ ಆ ಬೋರ್ಡುಗಳನ್ನು ನೋಡುವುದಿಲ್ಲ.

ಇಷ್ಟು ಹೇಳಿದ ಮೇಲೆ ಫ್ಲೆಕ್ಸ್ ಎಷ್ಟು ಕಾಲ ಬಾಳಬೇಕು ಎಂಬ ಪ್ರಶ್ನೆಯನ್ನು ಎದುರಿಸದೆ ತಪ್ಪಿಸಿಕೊಳ್ಳಲಾಗದು. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಫ್ಲೆಕ್ಸಿನ ಹೆಸರೂ ಇತ್ತು. 2018ರಲ್ಲಿ ಹೈಕೋರ್ಟ್ ಚಾಟಿ ಬೀಸಿದ ಮೇಲೆ ಬೆಂಗಳೂರಿನಲ್ಲಿ ಸಾವಿರಾರು ಫ್ಲೆಕ್ಸುಗಳು ಇಳಿದವು. 2022ರ ಜುಲೈ 1ರಿಂದ ಕೇಂದ್ರದ ನಿಯಮ 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರುಗಳನ್ನು ನಿಷೇಧಿಸಿತು. ಸಾಮಾನ್ಯ ಫ್ಲೆಕ್ಸು ಅದಕ್ಕಿಂತ ದಪ್ಪ. ಈ ನಿಷೇಧಗಳ ನೆರಳಿನಲ್ಲೇ ಅಂಗಡಿ ನಡೆಸುತ್ತಿರುವ ನಾನು ಪರಿಸರವಾದಿಯ ವೇಷ ಹಾಕಿದರೆ ಯಾರೂ ನಂಬುವುದಿಲ್ಲ. ಆದರೂ ಕಸುಬಿನೊಳಗಿಂದ ಒಂದು ಮಾತು: ಹನ್ನೊಂದು ದಿನಕ್ಕೆ ಬೇಕಾದ ಶ್ರದ್ಧಾಂಜಲಿಗೆ, ಮೂರು ದಿನದ ಮದುವೆಗೆ ಐದು ವರ್ಷದ ಲ್ಯಾಮಿನೇಷನ್, ದಪ್ಪದ ಮೇಲೆ ದಪ್ಪ ಮಾರುವುದು ಗಿರಾಕಿಗೂ ಮೋಸ, ಊರಿಗೂ ಮೋಸ. ಕೆಲಸ ಮುಗಿದ ಮೇಲೆ ಆ ಪಿವಿಸಿ ಸಾಯುವುದಿಲ್ಲ. ಸುಟ್ಟರೆ ಹೈಡ್ರೋಜನ್ ಕ್ಲೋರೈಡಿನ ವಿಷದ ಹೊಗೆ. ಬಣವೆಗೋ ಸೌದೆಗೂಡಿಗೋ ಹೊದಿಕೆಯಾದರೆ ಪುಣ್ಯ. ಚೆನ್ನಾಗಿ ಒಣಗಿಸುವುದು, ಮಡಚದಿರುವುದು, ಅಂಚು ಕಟ್ಟುವುದು, ಇಂಕು ಮಿತಿಯಲ್ಲಿಡುವುದು ಮೂರು ದಿನದ ಫ್ಲೆಕ್ಸಿಗೂ ಮೂರು ವರ್ಷದ್ದಕ್ಕೂ ಸಲ್ಲುತ್ತವೆ, ಊರಿಗೆ ಒಂದು ಗ್ರಾಮಿನಷ್ಟೂ ಹೊಸ ಪ್ಲಾಸ್ಟಿಕ್ ಸೇರಿಸುವುದಿಲ್ಲ. ಇವುಗಳಿಗೆಂದು ನಾವು ಹೆಚ್ಚಿನ ಬಿಲ್ ಬರೆಯಲಾಗದು ಎಂಬುದೇ ಇವುಗಳ ದೋಷ.

ಕಳೆದ ರಾಜ್ಯೋತ್ಸವಕ್ಕೆ ಎರಡು ದಿನ ಮುಂಚೆ ನಮ್ಮ ಬೀದಿಯ ಸಂಘದ ಹುಡುಗರು ಸಂಜೆ ಬಂದರು. ‘ಅಣ್ಣಾ, ಹತ್ತು ಬೈ ಎಂಟು. ಒಂದ್ ಗಂಟೇಲಿ ಬೇಕಿತ್ತು.’

‘ಹಿನ್ನೆಲೆ ಪೂರ್ತಿ ಕೆಂಪಿದೆ ಮಾರಾಯ. ಈಗ ಹೊಡೀತೀನಿ, ರಾತ್ರಿ ತೂಗುಹಾಕಿ ಬೆಳಗ್ಗೆ ಕೊಡ್ತೀನಿ. ಇನ್ನೂ ಎರಡು ದಿನ ಇದ್ಯಲ್ಲ.’

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ‘ಟೀ ಕುಡ್ಕೊಂಡ್ ಬರ್ತೀವಿ’ ಎಂದು ಹೋದವರು ಬರಲಿಲ್ಲ.

ನವೆಂಬರ್ 1ರ ಬೆಳಗ್ಗೆ ಸರ್ಕಲ್ಲಿನಲ್ಲಿ ಅವರ ಫ್ಲೆಕ್ಸ್ ಏರಿತ್ತು. ನಡುವೆ ಮಡಿಕೆಯ ಶಿಲುಬೆಯಂಥ ಬಿಳಿ ಗೆರೆ, ಮೇಲೆ ಎರಡು ಮೊಳೆ, ಕೆಳಗೆ ಏನೂ ಇಲ್ಲ. ಗಾಳಿಗೆ ಕೆಳಗಿನ ಅಂಚು ಪಟಪಟ ಬಡಿಯುತ್ತಿತ್ತು. ಬಲಮೂಲೆಯ ಮೊಳೆಯ ಸುತ್ತ ಆಗಲೇ ತೂತು ಒಂದು ಬೆರಳು ಅಗಲವಾಗಿತ್ತು. ಅಂಗಡಿಗೆ ಹೋಗಿ ಸುತ್ತಿಗೆ, ಮೊಳೆ, ಮುಚ್ಚಳದ ಡಬ್ಬಿ ತಂದೆ. ಸಂಘದ ಹುಡುಗನೊಬ್ಬ ಧ್ವಜಕಂಬದ ಹತ್ತಿರದಿಂದ ಓಡಿಬಂದ.

‘ಅಣ್ಣಾ, ಅದು ನಿಮ್ ಅಂಗಡೀದಲ್ಲ.’

‘ಗೊತ್ತು’ ಎಂದೆ. ‘ಏಣಿ ಹಿಡ್ಕೋ.’